ಬೋರ್ ನೀರಿನ ಬಿಳಿ ಪದರ: ಉಜ್ಜೋದು ಬಿಡಿ, ಹುಳಿ ಹಾಕಿ

ಮಂಡ್ಯ, ಮೈಸೂರು ಕಡೆ ಸುಮಾರು ಮನೆಗಳಲ್ಲಿ ಒಂದು ನಲ್ಲಿ ಕಾವೇರಿ, ಇನ್ನೊಂದು ಬೋರು. ಬೋರ್ ನೀರು ಕಾಯಿಸೋ ಪಾತ್ರೆ ತಳದಲ್ಲಿ ಬೆಳ್ಳಗೆ ಕಟ್ಕೊಳುತ್ತಲ್ಲ, ಅದು ಕೊಳೆ ಅಲ್ಲ, ಕಲ್ಲು. ಮಳೆ ನೀರು ನೆಲದೊಳಗೆ ಇಳೀತಾ ಮಣ್ಣು ಬಂಡೆಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸ್ಕೊಂಡಿರುತ್ತೆ, ಕಾಯಿಸಿದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳ ಹಿಡಿಯುತ್ತೆ. ಸುಣ್ಣದ ಕಲ್ಲೂ ಅದೇ.

ಮೊದಲು ನೀರು ಎಷ್ಟು ಗಡಸು, ಅಂದ್ರೆ ಈ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಎಷ್ಟಿದೆ ಅಂತ ನೋಡ್ಕೊಳ್ಳಿ. ಒಂದು ಬಾಟಲಿಗೆ ಅರ್ಧ ಕಾವೇರಿ ನೀರು, ಇನ್ನೊಂದಕ್ಕೆ ಅರ್ಧ ಬೋರ್ ನೀರು ಹಾಕಿ, ಎರಡಕ್ಕೂ ಮೈಗೆ ಹಚ್ಚೋ ಸೋಪು ಒಂದೇ ಅಳತೆ ತುರಿದು ಹಾಕಿ ಚೆನ್ನಾಗಿ ಕುಲುಕಿ. ಬಟ್ಟೆ ಒಗೆಯೋ ಪೌಡರ್ ಬೇಡ, ಅದು ಗಡಸು ನೀರಲ್ಲೂ ನೊರೆ ಕೊಡುತ್ತೆ. ನೊರೆ ಬರದೆ ಮೊಸರು ಒಡೆದಂಗೆ ಗಷ್ಟು ತೇಲಿದ್ರೆ ಗಡಸು ಅಂತ ಲೆಕ್ಕ. ಸರಿಯಾದ ಲೆಕ್ಕ ಬೇಕು ಅಂದ್ರೆ ಲ್ಯಾಬಿಗೆ ಕೊಡಿ. ಕುಡಿಯೋ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಒಳಗೆ ಗಡಸುತನ ಇರಬೇಕು, ಬೇರೆ ನೀರೇ ಇಲ್ಲ ಅಂದ್ರೆ 600ರ ತನಕ ಪರವಾಗಿಲ್ಲ ಅನ್ನುತ್ತೆ ಭಾರತೀಯ ಮಾನಕ. ಫಿಲ್ಟರ್ ಮಾರೋರು ಟಿಡಿಎಸ್ ಮೀಟರ್ ಅದ್ದಿ ಹೆದರಿಸ್ತಾರೆ, ಅದು ಕರಗಿರೋದನ್ನೆಲ್ಲ ಒಟ್ಟಿಗೆ ತೋರ್ಸುತ್ತೆ, ಗಡಸುತನ ಎಷ್ಟು ಅಂತ ಹೇಳಲ್ಲ.

ಈಗ ಪದರ ತೆಗೆಯೋದು. ಸ್ಟೀಲ್ ಪಾತ್ರೆಗೆ ಒಂದು ಲೀಟರ್ ನೀರು, ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಬಿಸಿ ಮಾಡಿ ಅರ್ಧ ಗಂಟೆ ಬಿಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತೆ, ಹುಳಿಗೆ ಕಲ್ಲು ಕರಗಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರೋದು ಅದು. ಆಮೇಲೆ ಬಟ್ಟೇಲಿ ಒರೆಸಿದ್ರೆ ಸಾಕು, ದಪ್ಪ ಇದ್ರೆ ಇನ್ನೊಂದ್ಸಲ. ಅಲ್ಯೂಮಿನಿಯಂ ಪಾತ್ರೇಲಿ ಹುಳಿ ಜಾಸ್ತಿ ಹೊತ್ತು ಬಿಡ್ಬೇಡಿ, ಅದನ್ನೇ ತಿನ್ನುತ್ತೆ. ಷವರ್ ತೂತು ಕಟ್ಟಿದ್ರೆ ಕವರಿಗೆ ವಿನೆಗರ್ ಹಾಕಿ ಅದಕ್ಕೇ ಕಟ್ಟಿ, ಒಂದು ಗಂಟೆ ಸಾಕು. ಬಾತ್‌ರೂಮ್ ಆಸಿಡ್ ಪಾತ್ರೆಗೆ ಬೇಡವೇ ಬೇಡ, ಅದನ್ನ ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಿದ್ರಂತೂ ಕ್ಲೋರಿನ್ ಗ್ಯಾಸ್ ಏಳುತ್ತೆ.

ಅಡುಗೆಮನೆ ಕಟ್ಟೆ ಕಡಪ ಕಲ್ಲಾಗಿದ್ರೆ ಹುಷಾರು, ಅದೂ ಸುಣ್ಣದ ಕಲ್ಲೇ, ನಿಂಬೆ ರಸ ಚೆಲ್ಲಿ ಹಂಗೇ ಬಿಟ್ರೆ ಹೊಳಪು ಹೋಗಿ ಕಲೆ ಉಳಿಯುತ್ತೆ. ಗ್ರಾನೈಟಿಗೆ ಆ ತೊಂದ್ರೆ ಇಲ್ಲ.

ಬೋರ್ ನೀರಲ್ಲಿ ಬೇಳೆ ಬೇಯಲ್ಲ ಅಂತಾರಲ್ಲ, ಅದೂ ಇದೇ ಕ್ಯಾಲ್ಸಿಯಂ ಕೆಲಸ, ಬೇಳೆ ಒಳಗೆ ಅಂಟಿನ ಹಂಗಿರೋ ಪೆಕ್ಟಿನ್ನ ಬಿಗಿ ಹಿಡ್ಕೊಳುತ್ತೆ. ಕಾವೇರಿ ನೀರಲ್ಲೇ ನೆನೆಹಾಕಿ ಅದರಲ್ಲೇ ಬೇಯಿಸಿ. ಹುಣಸೆ ರಸ ಮಾತ್ರ ಬೆಂದ ಮೇಲೇ ಬಿಡಿ, ಮೊದಲೇ ಹುಳಿ ಬಿದ್ರೆ ಯಾವ ನೀರಾದ್ರೂ ಬೇಳೆ ಬೇಗ ಕರಗಲ್ಲ.