ಭೋಸರಿ-ಚಿಖಲಿ ಕಡೆ ಹೊಸ ರೋ ಹೌಸ್ ತಗೊಳ್ಳೋರು ಮೊದಲು ನೆಲ ನೋಡ್ರಿ, ಆಮ್ಯಾಲ ಮನಿ

ಹೊಸ ರೋ ಹೌಸ್, ಅಂದ್ರ ಸಾಲುಮನಿ ಪ್ರಾಜೆಕ್ಟ್ ನೋಡಾಕ ಗುರುವಾರ ಮಾತ್ರ ಹೋಗಬ್ಯಾಡ್ರಿ. ಪುಣೆ ಬಾಜೂಕಿನ ಪಿಂಪ್ರಿ-ಚಿಂಚವಾಡ ಎಂಐಡಿಸಿಗೆ (ಮಹಾರಾಷ್ಟ್ರ ಸರ್ಕಾರದ ಕೈಗಾರಿಕಾ ಪ್ರದೇಶಕ್ಕ) ವಾರದ ರಜಾ ಗುರುವಾರ, ಅವತ್ತು ಪ್ರೆಸ್ ಬಂದ್, ಕಂಪ್ರೆಸರ್ ಬಂದ್, ಟ್ರೇಲರ್ ಓಡಾಟಾನೂ ಕಡಿಮಿ, ಚಿಖಲಿಯೊಳಗ ನಿಂತ್ರೂ ಲೋಣಾವಳಾದಾಗ ನಿಂತಂಗ ಅನಸ್ತೈತಿ. ಸೋಮವಾರ ಇಲ್ಲಾ ಮಂಗಳವಾರ ಹೋಗ್ರಿ, ಅದೂ ಶಿಫ್ಟ್ ಬಿಡೋ ಹೊತ್ತಿಗೆ ಒಮ್ಮೆ, ರಾತ್ರಿ ಹನ್ನೊಂದರ ಮ್ಯಾಲ ಇನ್ನೊಮ್ಮೆ.

ಈ ಪಟ್ಟಾದಾಗ, ಅಂದ್ರ ಭೋಸರಿ, ಚಿಖಲಿ, ಮೋಶಿ, ತಳವಡೆ, ಅತ್ಲಾಗ ಚಾಕಣ ತನಕ, ನಮ್ಮ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆ ಮಂದಿ ಭಾಳ ಅದಾರ. ಚಾಳಿನ್ಯಾಗ ಬಾಡಿಗಿ ಇದ್ದು, ಆಮ್ಯಾಲ ಒನ್ ಬಿಎಚ್‌ಕೆ ತಗೊಂಡು, ಈಗ ಪಿಎಫ್ ರೊಕ್ಕ, ಊರಾಗಿನ ಹೊಲದ ರೊಕ್ಕ ಎಲ್ಲಾ ಕೂಡಿಸಿ ನೆಲಕ್ಕ ಹತ್ತಿದ ಮನಿ ಬೇಕು, ಅಪ್ಪ-ಅವ್ವ ಬಂದ್ರ ಲಿಫ್ಟಿನ ಕಾಟ ಇರಬಾರದು, ಬಾಗಲದಾಗ ತುಳಸಿಕಟ್ಟಿ ಇರಬೇಕು ಅಂತ ರೋ ಹೌಸ್ ನೋಡಾಕತ್ತಾರ. ಆಸೆ ಭಾಳ ಛಲೋ ಐತಿ. ಆದ್ರ ಫ್ಲ್ಯಾಟ್ ನೋಡಿದಂಗ ಇದನ್ನ ನೋಡಿದ್ರ ನಡಿಯಂಗಿಲ್ಲ, ಯಾಕಂದ್ರ ಇಲ್ಲಿ ನೀವು ಹೆಚ್ಚಿನ ರೊಕ್ಕ ಕೊಡಾಕತ್ತಿದ್ದು ಟೈಲ್ಸಿಗೆ, ಮಾಡ್ಯುಲರ್ ಕಿಚನ್ನಿಗೆ ಅಲ್ಲ, ಕೆಳಗಿನ ನೆಲಕ್ಕ. ಆ ನೆಲದ ಮ್ಯಾಲ ಮೊದಲು ಏನಿತ್ತು, ಬಾಜೂಕ ಏನೈತಿ, ನಾಳೆ ಏನು ಬರ್ತೈತಿ ಅನ್ನೋದು ಸ್ಯಾಂಪಲ್ ಹೌಸಿನ್ಯಾಗ ಕಾಣಂಗಿಲ್ಲ.

ನೆಲದ ಮ್ಯಾಲಿನ ಎರಡು ಗೆರಿ

ಮೊದಲನೇದು ರೆಡ್ ಝೋನ್. ದೇಹು ರೋಡಿನ ಆರ್ಡನನ್ಸ್ ಡಿಪೋ (ಸೈನ್ಯದ ಮದ್ದುಗುಂಡಿನ ಉಗ್ರಾಣ) ಸುತ್ತ 2000 ಗಜದ ತನಕ ರಕ್ಷಣಾ ಇಲಾಖೆಯ ನಿರ್ಬಂಧ ಐತಿ, ದಿಘಿ ಕಡೆ ಮ್ಯಾಗಝೀನ್ ಡಿಪೋ ಸುತ್ತಾನೂ ಐತಿ. ತಳವಡೆ, ನಿಗಡಿ, ಕಿವಳೆ, ಚಿಖಲಿ, ಭೋಸರಿ, ದಿಘಿ ಇವುಗಳ ಕೆಲವು ಭಾಗ ಇದರೊಳಗ ಬರ್ತಾವ. ಅದರೊಳಗ ಕಟ್ಟಾಕ ಪರ್ಮಿಷನ್ ಇಲ್ಲ, ಆದ್ರೂ ಮನಿ ಕಟ್ಟ್ಯಾರ, ಮಾರಾಕತ್ತಾರ, ಮತ್ತ ರೇಟು ಯಾಕ ಅಷ್ಟು ಕಡಿಮಿ ಅಂತ ನಾವು ಕೇಳಂಗಿಲ್ಲ. ಏಜೆಂಟ್ ರೆಡ್ ಝೋನ್ ರಸ್ತೆದ ಆ ಕಡೆ ಐತ್ರೀ ಅಂತಾನ, ಅವನ ಮಾತು ಬ್ಯಾಡ, ಸರ್ವೆ ನಂಬರ್ ತಗೊಂಡು ಮಹಾನಗರ ಪಾಲಿಕೆಯಿಂದ ಝೋನ್ ದಾಖಲೆ ತಗೀರಿ, ಮೋಜಣಿ ನಕಾಶೆ ಜೋಡಿ ಹೊಂದಿಸಿ ನೋಡ್ರಿ. ಒಂದೇ ಸರ್ವೆ ನಂಬರಿನ ಅರ್ಧ ಒಳಗ, ಅರ್ಧ ಹೊರಗ ಇರಬಹುದು, ಹಂಗಾಗಿ ನಂಬರ್ ಒಂದೇ ಸಾಲಂಗಿಲ್ಲ, ನಿಮ್ಮ ಮನಿ ನಿಲ್ಲೋ ಜಾಗಾನ ನಕಾಶೆ ಮ್ಯಾಲ ಬೊಟ್ಟು ಇಟ್ಟು ತೋರಸ್ರಿ ಅಂತ ಕೇಳ್ರಿ.

ಎರಡನೇದು ನದಿಯ ನೀಲಿ ರೇಖೆ, ಅಂದ್ರ ಮಹಾಪೂರ ಬಂದಾಗ ನೀರು ಎಲ್ಲಿ ತನಕ ಬರ್ತೈತಿ ಅಂತ ನಕಾಶೆ ಮ್ಯಾಲ ಹಾಕಿದ ಗೆರಿ. ಇದನ್ನ ಹಗುರ ತಗೋಬ್ಯಾಡ್ರಿ. 2025ರ ಮೇ ತಿಂಗಳಾಗ ಚಿಖಲಿಯೊಳಗ ಇಂದ್ರಾಯಣಿ ದಂಡಿಗೆ ನೀಲಿ ರೇಖೆ ಒಳಗ ಕಟ್ಟಿದ್ದ 36 ಬಂಗಲೆ ಪಾಲಿಕೆಯವರು ಕೆಡವಿದ್ರು. ಹಸಿರು ನ್ಯಾಯಮಂಡಳಿ 2024ರಾಗ ಆದೇಶ ಕೊಟ್ಟಿತ್ತು, ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡೀತು, ಆಮ್ಯಾಲ ಜೆಸಿಬಿ ಬಂತು. ಅಲ್ಲಿ ಪ್ಲಾಟ್ ತಗೊಂಡು ಮನಿ ಕಟ್ಟಿದ್ದವರು ನಮ್ಮಂಥಾ ಸಂಬಳದ ಮಂದಿನೇ. ನದಿ ಕಡೆ ಮುಖ ಇರೋ ಪ್ಲಾಟಿಗೆ ವ್ಯೂ ಐತ್ರೀ ಅಂತ ಹೆಚ್ಚಿನ ರೊಕ್ಕ ಕೇಳ್ತಾರಲ್ಲ, ಅಲ್ಲೇ ನೀವು ಮಹಾಪೂರದ ರೇಖೆ ತೋರಿಸೋ ನಕಾಶೆ ಕೇಳ್ರಿ. ಪವನಾ, ಇಂದ್ರಾಯಣಿ, ಮುಳಾ ಮೂರಕ್ಕೂ ನೀಲಿ ಮತ್ತ ಕೆಂಪು ರೇಖೆ ಗುರ್ತು ಮಾಡ್ಯಾರ.

ಇವೆರಡರ ಜೋಡಿ ಡಿಪಿನೂ ನೋಡ್ರಿ, ಅಂದ್ರ ಪಾಲಿಕೆಯ ವಿಕಾಸ ಯೋಜನೆ. 2025ರಾಗ ಹೊಸ ಕರಡು ಬಂತು, ಅದಕ್ಕ ಸಾವಿರಾರು ಹರಕತ್ತು (ಆಕ್ಷೇಪಣೆ) ಬಂದಾವು. ನಿಮ್ಮ ಸಾಲಿನ ನಡುವ ಡಿಪಿ ರೋಡ್ ಹೋಗ್ತೈತೇನು, ಬಾಜೂಕಿನ ಖಾಲಿ ಜಾಗಾ ಸಾರ್ವಜನಿಕ ಕೆಲಸಕ್ಕ ಯಾವುದಕ್ಕ ಕಾದಿಟ್ಟಾರ (ಇದಕ್ಕ ಆರಕ್ಷಣ ಅಂತಾರ), ಹಳೇದರಾಗೂ ಹೊಸದರಾಗೂ ಎರಡರಾಗೂ ನೋಡ್ರಿ.

ಮೊದಲು ಅಲ್ಲಿ ಏನಿತ್ತು

ಈ ಭಾಗದಾಗ ಹೊಸ ಪ್ರಾಜೆಕ್ಟ್ ಬರೋ ಜಾಗಾ ಮೂರು ತರ. ಒಂದು ಹೊಲ ಇದ್ದಿದ್ದು, ಒಂದು ಬಂದ್ ಆದ ಕಾರಖಾನಿ, ಇನ್ನೊಂದು ಗುಜರಿ ಗೋಡೌನ್ ಇದ್ದಿದ್ದು. 2025ರ ಫೆಬ್ರವರಿಯೊಳಗ ಕುದಳವಾಡಿ-ಚಿಖಲಿ ಕಡೆ ಸಾವಿರಾರು ಅನಧಿಕೃತ ಗೋಡೌನ್, ಶೆಡ್ ಪಾಲಿಕೆ ಕೆಡವಿತು, ಅದರ ನಂತರ ಆ ಏರಿಯಾದ ಮ್ಯಾಲ ಎಲ್ಲರ ಕಣ್ಣು ಬಿದ್ದೈತಿ. ನನ್ನ ಅಭಿಪ್ರಾಯ ಕೇಳಿದ್ರ ಹೊಲ ಇದ್ದ ಜಾಗಾನೇ ವಾಸಿ, ಕಾಗದಪತ್ರ ಒಂದು ಸರಿ ಇದ್ರ ಸಾಕು.

ಕಾರಖಾನಿ ಜಾಗಾ ಆದ್ರ ಇಂಡಸ್ಟ್ರಿಯಲ್ ಝೋನಿಂದ ರೆಸಿಡೆನ್ಶಿಯಲ್‌ಗೆ ಬದಲಿ ಮಾಡಿದ ಆದೇಶ ಬೇಕು, ಇದನ್ನ ಇಲ್ಲಿ ಐ ಟು ಆರ್ ಅಂತಾರ, 2020ರ ಡಿಸೆಂಬರಿನ ಏಕೀಕೃತ ನಿಯಮಾವಳಿಯೊಳಗ ಇದಕ್ಕ ದಾರಿ ಐತಿ. ಕಾರಖಾನಿ ಬಂದ್ ಆಗಿದ್ರ ಕಾರ್ಮಿಕರ ಬಾಕಿ ಚುಕ್ತಾ ಆಗೈತಿ ಅನ್ನೋ ಲೇಬರ್ ಕಮಿಷನರ್ ಎನ್‌ಒಸಿನೂ ಕೇಳ್ರಿ. ಆ ಗೇಟಿನ ಮುಂದ ಪಗಾರ ಸಿಗದ ನಿಂತ ಮಂದಿ ನಮ್ಮವರೇ ಇರಬಹುದು, ಅದಕ್ಕೂ ಈ ಕಾಗದ ಕೇಳೋದು ಛಲೋ.

ಅಲ್ಲಿ ಏನು ತಯಾರಾಗ್ತಿತ್ತು ಅಂತ ಬಾಜೂಕಿನ ಚಹಾ ಟಪರಿಯವರನ್ನ ಕೇಳ್ರಿ, ಬಿಲ್ಡರನಕಿಂತ ಅವರಿಗೆ ಚೊಲೋ ಗೊತ್ತಿರ್ತೈತಿ. ಫ್ಯಾಬ್ರಿಕೇಶನ್ ಅಂದ್ರ ದೊಡ್ಡ ಚಿಂತಿ ಇಲ್ಲ. ಪ್ಲೇಟಿಂಗ್ ಇತ್ತು ಅಂದ್ರ ಜರಾ ನಿಲ್ಲ್ರಿ, ಕ್ರೋಮ್, ನಿಕಲ್ ನೀರು ಮಣ್ಣಿಗೆ ಇಳಿದಿರಬಹುದು. ಬೋರ್‌ವೆಲ್ ನೀರು ಒಂದು ಬಾಟ್ಲಿ ತಗೊಂಡು ಲ್ಯಾಬಿಗೆ ಕೊಡ್ರಿ, ಬರೇ ಟಿಡಿಎಸ್ (ನೀರಿನ್ಯಾಗ ಕರಗಿದ ಲವಣದ ಅಳತಿ) ಅಲ್ಲ, ಕ್ರೋಮಿಯಂ, ನಿಕಲ್, ಸೀಸ ಚೆಕ್ ಮಾಡ್ರಿ ಅಂತ ಹೇಳಿ ಬರಸ್ರಿ. ಅಂಗಳದಾಗ ಕರಿಬೇವು, ಮೆಣಸಿನಕಾಯಿ ಹಚ್ಚೋ ಆಸೆ ಇದ್ದವರು ಮಣ್ಣೂ ಟೆಸ್ಟ್ ಮಾಡಸ್ರಿ.

ಹೊಲ ಇದ್ದ ಜಾಗಾ ಆದ್ರ ಸಾತಬಾರಾ ಉತಾರಾ (ನಮ್ಮ ಕಡೆ ಪಹಣಿ ಇದ್ದಂಗ) ತಗೀರಿ, ಮಹಾಭೂಲೇಖ ವೆಬ್‌ಸೈಟಿನ್ಯಾಗ ಮನ್ಯಾಗ ಕೂತ ನೋಡಬಹುದು. ಹೆಸರು ನೋಡಿ ಬಿಡಬ್ಯಾಡ್ರಿ, ಇತರ ಹಕ್ಕು ಅನ್ನೋ ಕಾಲಂ ಓದ್ರಿ, ಕುಳದ (ಗೇಣಿದಾರರ) ಹಕ್ಕು, ಸೊಸೈಟಿ ಸಾಲ, ಅಕ್ಕ-ತಂಗೇರ ಪಾಲು ಎಲ್ಲಾ ಅಲ್ಲೇ ಕೂತಿರ್ತಾವ. ಭೋಗವಟಾದಾರ ವರ್ಗ 2 ಅಂತ ಇದ್ರ ಸರ್ಕಾರದ ಪರವಾನಿಗಿ ಇಲ್ಲದ ಕೊಡಕೊಳ್ಳೋದು ಆಗಂಗಿಲ್ಲ. ಎನ್‌ಎ (ಕೃಷಿಯೇತರ) ಆಗೈತೇನು ನೋಡ್ರಿ, ಫೇರಫಾರ್ (ಹಕ್ಕು ಬದಲಿ ದಾಖಲೆ) ನಂಬರ್ ಒಂದೊಂದಾಗಿ ಹಿಂದಕ್ಕ ಹೋಗಿ ನೋಡ್ರಿ, ಇಷ್ಟು ನಿಮಗ ಆಗಲಿಲ್ಲಂದ್ರ ನಿಮ್ಮ ಸ್ವಂತ ವಕೀಲರಿಂದ 30 ವರ್ಷದ ಸರ್ಚ್ ರಿಪೋರ್ಟ್ ಮಾಡಸ್ರಿ, ಬಿಲ್ಡರ್ ಕೊಟ್ಟ ಝೆರಾಕ್ಸ್ ಬ್ಯಾಡ. ಬ್ಯಾಂಕ್ ಅಪ್ರೂವ್ ಆಗೈತಿ ಅಂದ್ರ ಬ್ಯಾಂಕ್ ತನ್ನ ಸಾಲ ನೋಡಿಕೊಂಡೈತಿ ಅಂತ ಅರ್ಥ. ಎಂಐಡಿಸಿ ಜಾಗಾ ಆದ್ರ 95 ವರ್ಷದ ಲೀಸ್, ಹಳೇ ಪ್ರಾಧಿಕರಣದ್ದು (ಪಿಂಪ್ರಿ-ಚಿಂಚವಾಡ ನವನಗರ ವಿಕಾಸ ಪ್ರಾಧಿಕರಣ) ಆದ್ರ 99 ವರ್ಷದ್ದು, ಎಷ್ಟು ವರ್ಷ ಉಳಿದೈತಿ, ಟ್ರಾನ್ಸ್‌ಫರ್ ಫೀ ಎಷ್ಟು, ಯಾರು ಕಟ್ಟಬೇಕು ಕೇಳ್ರಿ.

ಬಾಜೂಕಿನ ಶೆಡ್

ಇದನ್ನ ಗಟ್ಟಿಯಾಗಿ ಹೇಳ್ತೀನಿ, ಬಾಜೂಕಿನ ಕಾರಖಾನಿ ಎರಡು ವರ್ಷದಾಗ ಚಾಕಣಕ್ಕ ಶಿಫ್ಟ್ ಆಗ್ತೈತಿ ಅನ್ನೋ ಮಾತಿನ ಮ್ಯಾಲ ಮನಿ ತಗೋಬ್ಯಾಡ್ರಿ. ಅದು ಅಲ್ಲೇ ಇರ್ತೈತಿ ಅಂತ ತಿಳಕೊಂಡು, ಅದರ ಜೋಡಿ ಬಾಳೇವು ಮಾಡಾಕ ಆಗ್ತೈತಿ ಅಂದ್ರ ಮಾತ್ರ ತಗೋರಿ. ಕಾರಖಾನಿ ಮೊದಲು ಬಂದದ್ದು, ಅದರಾಗ ನೂರಾರು ಮಂದಿ ಹೊಟ್ಟಿ ಹೊರಕೊಂತಾರ, ನಾವು ಆಮ್ಯಾಲ ಹೋಗಿ ಸಪ್ಪಳ ಅಂತ ಕಂಪ್ಲೇಂಟ್ ಕೊಟ್ರ ಅದೇನು ಲಗೂನ ಮುಗಿಯೋ ಕೆಲಸಾ ಅಲ್ಲ. ಕಾನೂನಿನ್ಯಾಗ ಇಂಡಸ್ಟ್ರಿಯಲ್ ಏರಿಯಾಕ್ಕ ಹಗಲು 75, ರಾತ್ರಿ 70 ಡೆಸಿಬಲ್, ವಸತಿ ಏರಿಯಾಕ್ಕ 55 ಮತ್ತ 45. ನಿಮ್ಮ ಕಂಪೌಂಡ್ ಈ ಎರಡರ ನಡುವಿನ ಗೆರಿ ಮ್ಯಾಲ ಇರ್ತೈತಿ.

ನೋಡೋದು ಹೆಂಗ? ಒಂದು ಸ್ಟೀಲ್ ಲೋಟದಾಗ ತುದಿ ತನಕ ನೀರು ತುಂಬಿ ಮಲಗೋ ಕೋಣೆಯ ನೆಲದ ಮ್ಯಾಲ ಇಟ್ಟು ಹತ್ತು ನಿಮಿಷ ಸುಮ್ಮ ಕೂಡ್ರಿ. ಹತ್ತಿರ ಫೋರ್ಜಿಂಗ್ ಹ್ಯಾಮರ್ ಇಲ್ಲಾ ದೊಡ್ಡ ಪವರ್ ಪ್ರೆಸ್ ಇತ್ತಂದ್ರ ಪ್ರತಿ ಏಟಿಗೂ ನೀರಿನ ಮ್ಯಾಲ ಸಣ್ಣ ಉಂಗುರ ಎದ್ದು ಅಂಚಿಗೆ ಹೋಗ್ತಾವ. ಕಿವಿ ಸಪ್ಪಳಕ್ಕ ಹೊಂದಿಕೋತೈತಿ, ಪ್ಲಾಸ್ಟರ್ ಹೊಂದಿಕೊಳ್ಳಂಗಿಲ್ಲ, ವರ್ಷಾನುಗಟ್ಟಲೆ ಹಿಂಗ ನಡುಗಿದ್ರ ಕಿಟಕಿ ಮೂಲಿಯಿಂದ ಬಿರುಕು ಶುರು ಆಗ್ತಾವ. ಆಮ್ಯಾಲ ಟೆರೇಸಿಗೆ ಹೋಗಿ ಪ್ಯಾರಾಪೆಟ್ ಮ್ಯಾಲಿನ ಧೂಳು ಒಂದು ಬಿಳಿ ಕಾಗದದ ಮ್ಯಾಲ ಉದುರಿಸಿ, ಕೆಳಗ ಆಯಸ್ಕಾಂತ ಹಿಡದು ಆಡಸ್ರಿ. ಕರೀ ಕಣ ಭಾಳ ಅದರ ಹಿಂದ ಓಡಿದ್ರ ಅದು ಗ್ರೈಂಡಿಂಗ್ ಇಲ್ಲಾ ಫೌಂಡ್ರಿಯ ಕಬ್ಬಿಣದ ಪುಡಿ ಇರಬಹುದು, ಹಂಗಿದ್ರ ಅರಿವಿ ಒಣಗಸಾಕೂ ಆ ಟೆರೇಸ್ ಕೆಲಸಕ್ಕ ಬರಂಗಿಲ್ಲ, ಸಣ್ಣ ಮಕ್ಕಳಿದ್ದವರು ಅಲ್ಲಿಂದನ ಹೊಳ್ಳಿ ಬರ್ರಿ.

ಮಾಲಿನ್ಯ ಮಂಡಳಿ ಕಾರಖಾನಿಗೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವರ್ಗ ಮಾಡ್ತೈತಿ, ಗ್ವಾಡಿಗೆ ಹತ್ತಿ ಕೆಂಪು ವರ್ಗದ್ದು ಇದ್ರ ನಾನಂತೂ ಬ್ಯಾಡ ಅಂತೀನಿ.

ಕಟ್ಟಡ

ಸಾಲಿನ್ಯಾಗ ಮಧ್ಯದ ಮನಿಗೆ ಎರಡೂ ಕಡೆ ಬ್ಯಾರೆಯವರ ಗ್ವಾಡಿ. ಆ ಗ್ವಾಡಿ ಎರಡೂ ಮನಿಗೆ ಸೇರಿ ಒಂದೋ, ಇಲ್ಲಾ ಇಬ್ಬರದೂ ಬ್ಯಾರೆ ಬ್ಯಾರೆ ಗ್ವಾಡಿ ಇದ್ದು ನಡುವ ಸಂದು ಬಿಟ್ಟಾರೋ ಕೇಳ್ರಿ. ಬಾಜೂ ಮನ್ಯಾಗ ಒಬ್ಬರು ನಿಂತು ಮಿಕ್ಸರ್ ಹಚ್ಚಲಿ, ನೀವು ಈ ಕಡೆ ಕಿವಿ ಕೊಟ್ಟು ಕೇಳ್ರಿ. ಒಂದೇ ಗ್ವಾಡಿಯೊಳಗ ಎದುರುಬದುರು ಸ್ವಿಚ್ ಬೋರ್ಡ್ ಕೊರದಿದ್ರ ನಡುವ ಉಳದ ಇಟ್ಟಂಗಿ ಎಷ್ಟು ಅಂತ ನೀವೇ ಲೆಕ್ಕಾ ಹಾಕ್ರಿ. ಟೆರೇಸಿನ್ಯಾಗ ಎರಡು ಮನಿ ಕೂಡೋ ಜಾಗಾದಾಗ ವಾಟರ್‌ಪ್ರೂಫಿಂಗ್ ನೋಡ್ರಿ, ಸೋರೋದು ಅಲ್ಲಿಂದನ, ಮತ್ತ ಸೋರಿದಾಗ ಯಾರು ರಿಪೇರಿ ಮಾಡಸಬೇಕು ಅಂತ ಜಗಳಾನೂ ಅಲ್ಲಿಂದನ.

ಪ್ಲಿಂತ್ (ಮನಿ ನಿಲ್ಲೋ ಪಾಯಾದ ಮಟ್ಟ) ರಸ್ತೆಗಿಂತ ಎತ್ತರ ಇರಬೇಕು, ಟ್ರೇಲರ್ ಓಡಾಡೋ ರಸ್ತೆ ಪ್ರತಿ ಸಲ ಡಾಂಬರ್ ಹಾಕಿದಾಗ ಏರಕೋತ ಹೋಗ್ತೈತಿ. ಸಾಧ್ಯ ಇದ್ರ ಜುಲೈ ಮಳಿಯೊಳಗ ಒಮ್ಮೆ ಹೋಗ್ರಿ. ಕೆಳಗ ಒಂದು ಕೋಣಿ, ಒಂದು ಬಾತ್‌ರೂಮ್ ಇಲ್ಲದ ಮನಿ ವಯಸ್ಸಾದವರಿಗೆ ಉಪಯೋಗಿಲ್ಲ, ಬರೇ ಪಾರ್ಕಿಂಗ್ ಕೊಟ್ಟು ಮ್ಯಾಲ ಎರಡು ಮಾಳಿಗಿ ಕಟ್ಟೋ ಡಿಸೈನ್ ಈಗ ಜಾಸ್ತಿ ಬರಾಕತ್ತಾವ. ಗೇಟಿನ ಮುಂದಿನ ರಸ್ತೆ ಯಾರದು ಅನ್ನೋದನ್ನೂ ಕೇಳ್ರಿ, ಪಾಲಿಕೆದೋ, ಎಂಐಡಿಸಿದೋ, ಇಲ್ಲಾ ಯಾರದೋ ಹೊಲದ ದಾರಿಯೋ.

ನೀರು. ಪಿಂಪ್ರಿ-ಚಿಂಚವಾಡದಾಗ 2019ರ ನವೆಂಬರಿಂದ ದಿನ ಬಿಟ್ಟು ದಿನ ನೀರು ಬಿಡಾಕ ಶುರು ಮಾಡಿದ್ರು. ಹೊಸ ಪ್ರಾಜೆಕ್ಟಿನ್ಯಾಗ ಟ್ಯಾಂಕರ್ ಖರ್ಚು ತಿಂಗಳಾ ಮೆಂಟೇನೆನ್ಸಿನ್ಯಾಗ ಕೂಡಿ ಬರ್ತೈತಿ. ಪಾಲಿಕೆ ನೀರು ಬರೋ ತನಕ ತಾನ ಪೂರೈಸ್ತೀನಿ ಅಂತ ಬಿಲ್ಡರ್ ಬರೆದು ಕೊಟ್ಟಿರ್ತಾನ, ಆ ಹಮೀಪತ್ರದ ಪ್ರತಿ ತಗೊಂಡು ಇಟ್ಕೋರಿ.

ರೊಕ್ಕ ಮತ್ತ ಅಗ್ರಿಮೆಂಟ್

ಮಹಾರೇರಾ (ಬಿಲ್ಡರ್ ಪ್ರಾಜೆಕ್ಟ್ ನೋಂದಣಿ ಮಾಡೋ ರಾಜ್ಯದ ಪ್ರಾಧಿಕಾರ) ಸೈಟಿನ್ಯಾಗ ಪ್ರಾಜೆಕ್ಟ್ ತಗದು ಮಂಜೂರಾದ ಪ್ಲಾನ್ ನೋಡ್ರಿ, ಕೋರ್ಟ್ ಕೇಸ್ ನೋಡ್ರಿ, ನಿಮಗ ಗಾರ್ಡನ್ ಅಂತ ತೋರಿಸಿದ ಜಾಗಾದಾಗ ಫೇಸ್ ಟೂ ಟವರ್ ಐತೇನು ನೋಡ್ರಿ. 2023ರ ಆಗಸ್ಟಿಂದ ಜಾಹೀರಾತಿನ ಮ್ಯಾಲ ಕ್ಯೂಆರ್ ಕೋಡ್ ಇರಲೇಬೇಕು, ಮೊಬೈಲ್ ಹಿಡಿದ್ರ ಸಾಕು. ಸಣ್ಣ ಸ್ಕೀಮಿನ್ಯಾಗ ಜರಾ ಹುಷಾರ್, ಜಾಗಾ 500 ಚದರ ಮೀಟರ್ ಒಳಗ ಇಲ್ಲಾ ಮನಿ 8ರ ಒಳಗ ಇದ್ರ ರೇರಾ ನೋಂದಣಿ ಬೇಕಾಗಂಗಿಲ್ಲ, ಅದಕ್ಕ ಆರು, ಎಂಟು ಮನಿಯ ಸಾಲು ಭಾಳ ಕಾಣ್ತಾವ, ಅಲ್ಲಿ ಏನಾದ್ರೂ ಆದ್ರ ಸಿವಿಲ್ ಕೋರ್ಟು, ಗ್ರಾಹಕ ಆಯೋಗ ಅಂತ ಅಲೆದಾಟ.

ರೇರಾದಾಗ ಇದ್ದ ಪ್ರಾಜೆಕ್ಟಿಗೆ ಅಗ್ರಿಮೆಂಟ್ ರಿಜಿಸ್ಟರ್ ಆಗೋಕಿಂತ ಮೊದಲು 10 ಪರ್ಸೆಂಟಿಗಿಂತ ಹೆಚ್ಚು ಕೇಳಂಗಿಲ್ಲ. ಕೇಳಿದ್ರ ಕೊಡಬ್ಯಾಡ್ರಿ, ಕ್ಯಾಶ್ ಅಂತೂ ಒಂದ್ ರೂಪಾಯಿನೂ ಬ್ಯಾಡ.

ಲೆಕ್ಕಾ ಹಿಂಗ. ಕಟ್ಟಾಕತ್ತಿದ ಮನಿ 90 ಲಕ್ಷ ಅಂದ್ರ ಜಿಎಸ್‌ಟಿ 5 ಪರ್ಸೆಂಟ್ 4.5 ಲಕ್ಷ, ಪಾಲಿಕೆ ಹದ್ದಿನ್ಯಾಗ ಸ್ಟ್ಯಾಂಪ್ ಡ್ಯೂಟಿ 7 ಪರ್ಸೆಂಟ್ 6.3 ಲಕ್ಷ, ನೋಂದಣಿ 30 ಸಾವಿರ, ಒಟ್ಟು 11.1 ಲಕ್ಷ ಮ್ಯಾಲಿಂದು. ಹೆಣ್ಮಕ್ಕಳ ಹೆಸರಿಗೆ ಮಾತ್ರ ಮಾಡಿದ್ರ ಸ್ಟ್ಯಾಂಪ್ ಒಂದು ಪರ್ಸೆಂಟ್ ಕಡಿಮಿ, 90 ಸಾವಿರ ಉಳೀತಾವ, ಗಂಡನ ಹೆಸರು ಜೋಡಿಸಿದ್ರ ಆ ರಿಯಾಯಿತಿ ಹೋಗ್ತೈತಿ. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮನಿಗೆ ಜಿಎಸ್‌ಟಿನೇ ಇಲ್ಲ, ಸಿಕ್ರ ಅದನ್ನೇ ತಗೋರಿ, ಸ್ವಲ್ಪ ರೇಟ್ ಹೆಚ್ಚಿದ್ರೂ ನಡೀತೈತಿ, ನೀವು ಪ್ಲಾನ್ ಅಲ್ಲ, ಗ್ವಾಡಿ ನೋಡಿ ತಗೊಳ್ಳಾಕತ್ತೀರಿ. 50 ಲಕ್ಷ ಮತ್ತ ಮ್ಯಾಲಿದ್ರ ಬಿಲ್ಡರಿಗೆ ಕೊಡೋ ರೊಕ್ಕದಾಗ 1 ಪರ್ಸೆಂಟ್ ಟಿಡಿಎಸ್ (ಆದಾಯ ತೆರಿಗಿ) ಮುರಕೊಂಡು ನೀವೇ ಕಟ್ಟಬೇಕು, ಇದು ಮರೆತ್ರ ನೋಟಿಸ್ ನಿಮಗೇ ಬರ್ತೈತಿ.

ಅಗ್ರಿಮೆಂಟಿನ್ಯಾಗ ಒಂದು ಸಾಲು ಹುಡುಕ್ರಿ, ನೆಲ ಯಾರ ಹೆಸರಿಗೆ ಬರ್ತೈತಿ. ಪ್ರತ್ಯೇಕ ಪ್ಲಾಟ್ ಆಗಿ ನಿಮ್ಮ ಹೆಸರಿನ ಉತಾರಾ ಆಗ್ತೈತೋ, ಇಲ್ಲಾ ಎಲ್ಲಾ ನೆಲ ಸೊಸೈಟಿ ಹೆಸರಿಗೆ ಹೋಗಿ ನಿಮಗ ಮನಿ ಅಷ್ಟೇನೋ. ಎರಡನೇದು ಆದ್ರ ನಾಳೆ ಮ್ಯಾಲ ಒಂದು ಕೋಣಿ ಎಬ್ಬಸ್ತೀನಿ ಅನ್ನಾಕ ಬರಂಗಿಲ್ಲ, ಉಳಿದ ಎಫ್‌ಎಸ್‌ಐ (ಇನ್ನೂ ಕಟ್ಟಾಕ ಇರೋ ಹಕ್ಕು) ಯಾರಿಗೆ ಅನ್ನೋದೂ ಅಲ್ಲೇ ಬರೆದಿರ್ತೈತಿ, ಬಿಲ್ಡರಿಗೆ ಅಂತ ಇದ್ರ ತೆಗೆಸಾಕ ಹೇಳ್ರಿ. ಕೀಲಿ ಸಿಕ್ಕ ಮ್ಯಾಲ 5 ವರ್ಷದ ಒಳಗ ಸ್ಟ್ರಕ್ಚರಿನ ದೋಷ ಕಂಡ್ರ ರೇರಾ ಪ್ರಕಾರ ಬಿಲ್ಡರ್ ಪುಕಟ್ ಸರಿ ಮಾಡಿ ಕೊಡಬೇಕು, ಅದಕ್ಕ ಬಿರುಕಿನ ಫೋಟೋ ತಾರೀಖು ಹಾಕಿ ತಗದು ಈಮೇಲ್ ಮಾಡಕೋತ ಇರ್ರಿ, ಬರೇ ಫೋನಿನ್ಯಾಗ ಹೇಳಿ ಬಿಡಬ್ಯಾಡ್ರಿ. ಕನ್ವೇಯನ್ಸ್, ಅಂದ್ರ ನೆಲ ಸೊಸೈಟಿ ಹೆಸರಿಗೆ ಬರೆದು ಕೊಡೋದು, ಮಾಡದ ಬಿಲ್ಡರ್ ತಪ್ಪಿಸ್ಕೊಂಡು ಅಡ್ಡಾಡಿದ್ರ ಸೊಸೈಟಿಯವರು ಸಹಕಾರ ಇಲಾಖೆಯ ಜಿಲ್ಲಾ ಉಪನಿಬಂಧಕರ ಕಡೆ ಡೀಮ್ಡ್ ಕನ್ವೇಯನ್ಸಿಗೆ ಅರ್ಜಿ ಹಾಕಬಹುದು, ಅವನ ಸಹಿ ಇಲ್ಲದನೂ ನೆಲ ಸೊಸೈಟಿ ಹೆಸರಿಗೆ ಆಗ್ತೈತಿ.