‘ವಿಚಾರಣೆ’ ಎಂಬ ಪದವನ್ನು ಅರ್ಥ ಕೆಡದಂತೆ ಬಳಸುವ ಬಗೆ

‘ಆರೋಪಿಯ ವಿಚಾರಣೆ ನಡೆಯಿತು’ ಎಂಬ ವಾಕ್ಯ ಕನ್ನಡ ಸುದ್ದಿಗಳಲ್ಲಿ ದಿನವೂ ಕಾಣಿಸುತ್ತದೆ. ಇದರಿಂದ ಪೊಲೀಸ್ ಠಾಣೆಯಲ್ಲಿ ಅಧಿಕಾರಿಯೊಬ್ಬರು ಆ ವ್ಯಕ್ತಿಗೆ ಪ್ರಶ್ನೆಗಳನ್ನು ಕೇಳಿದರೆಂದೂ ತಿಳಿಯಬಹುದು, ನ್ಯಾಯಾಲಯದಲ್ಲಿ ಅವನ ಮೇಲಿನ ಪ್ರಕರಣ ನ್ಯಾಯಾಧೀಶರ ಮುಂದೆ ಬಂದಿತೆಂದೂ ತಿಳಿಯಬಹುದು. ಎರಡೂ ಸರಿಯಾದ ಕನ್ನಡವೇ. ಆದರೆ ಒಬ್ಬ ಮನುಷ್ಯನ ಮಾನ ಮತ್ತು ಸ್ವಾತಂತ್ರ್ಯದ ದೃಷ್ಟಿಯಿಂದ ಈ ಎರಡು ಸ್ಥಿತಿಗಳು ಬಹಳ ದೂರದವು. ಆದ್ದರಿಂದ ಸುದ್ದಿ, ಅರ್ಜಿ ಅಥವಾ ವರದಿ ಬರೆಯುವವರು ಈ ಪದವನ್ನು ಬಳಸುವಾಗ ಯಾರು, ಯಾರನ್ನು, ಯಾವ ಅಧಿಕಾರದಿಂದ ಕೇಳುತ್ತಿದ್ದಾರೆ ಎಂಬುದು ವಾಕ್ಯದಲ್ಲಿಯೇ ಕಾಣುವಂತೆ ಬರೆಯಬೇಕು.

ಮೊದಲು ಪದದ ಹರವನ್ನು ನೋಡೋಣ. ‘ವಿಚಾರಿಸು’ ಎಂಬ ಕ್ರಿಯಾಪದಕ್ಕೆ ಆಲೋಚಿಸು, ಪರಿಶೀಲಿಸು, ಕೇಳಿ ತಿಳಿ ಎಂಬ ಅರ್ಥಗಳು ಒಟ್ಟಿಗೇ ಇವೆ. ಬಸ್ ನಿಲ್ದಾಣದಲ್ಲಿ ‘ವಿಚಾರಣೆ’ ಎಂಬ ಫಲಕದ ಕೆಳಗೆ ನಿಂತು ನಾವು ಬಸ್ಸಿನ ಹೊತ್ತನ್ನು ಕೇಳುತ್ತೇವೆ; ಊರಿಗೆ ಬಂದ ನೆಂಟರ ಯೋಗಕ್ಷೇಮ ವಿಚಾರಿಸುತ್ತೇವೆ; ಮದುವೆಯ ಪಂಕ್ತಿಯಲ್ಲಿ ‘ಬಂದವರನ್ನು ಚೆನ್ನಾಗಿ ವಿಚಾರಿಸಿಕೊಳ್ಳಿ’ ಎಂದು ಹಿರಿಯರು ಹೇಳಿದರೆ ಅದು ಉಪಚಾರ ಮಾಡಿ ಎಂಬ ಮಾತು. ಮಠಗಳ ಆಡಳಿತ ನೋಡಿಕೊಳ್ಳುವವರನ್ನು ‘ವಿಚಾರಣಾಕರ್ತರು’ ಎಂದು ಕರೆಯುವುದೂ ಇದೇ ಕಾಳಜಿಯ ಅರ್ಥದಿಂದ. ಅದೇ ‘ವಿಚಾರಿಸಿಕೊಳ್ಳು’ ಜಗಳದ ನಡುವೆ ಬಂದಾಗ, ‘ನಿನ್ನನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ’ ಎಂಬಲ್ಲಿ, ಬೆದರಿಕೆಯಾಗುತ್ತದೆ. ಇಷ್ಟು ಬಗೆಯಲ್ಲಿ ಬಳಕೆಯಾಗುವ ಪದವನ್ನು ಕಾನೂನಿನ ಸಂದರ್ಭಕ್ಕೆ ತರುವಾಗ ಎಚ್ಚರ ಬೇಕಾಗುವುದು ಸಹಜ.

ವಿಭಕ್ತಿಯನ್ನು ಗಮನಿಸುವುದು ಎಲ್ಲಕ್ಕಿಂತ ಉಪಯುಕ್ತವಾದ ಅಭ್ಯಾಸ. ‘ನೆರೆಯವರಲ್ಲಿ ವಿಚಾರಿಸಿದರು’ ಅಥವಾ ‘ನೆರೆಯವರ ಬಳಿ ವಿಚಾರಿಸಿದರು’ ಎಂದರೆ ನೆರೆಯವರಿಂದ ಮಾಹಿತಿ ಪಡೆದರು ಎಂದಷ್ಟೇ ಅರ್ಥ, ಅವರ ಮೇಲೆ ಯಾವ ಗುಮಾನಿಯೂ ಇಲ್ಲ. ‘ನೆರೆಯವರನ್ನು ವಿಚಾರಿಸಿದರು’ ಎಂದಾಗ ಒತ್ತು ಸ್ವಲ್ಪ ಬದಲಾಗುತ್ತದೆ, ಮತ್ತು ‘ನೆರೆಯವರನ್ನು ವಿಚಾರಣೆಗೆ ಒಳಪಡಿಸಿದರು’ ಎಂದು ಬರೆದ ಕೂಡಲೇ ಓದುಗರು ಅವರನ್ನು ಶಂಕಿತರ ಸಾಲಿನಲ್ಲಿ ನಿಲ್ಲಿಸುತ್ತಾರೆ. ಘಟನೆಯನ್ನು ಕಣ್ಣಾರೆ ಕಂಡ ಸಾಕ್ಷಿಯೊಬ್ಬರು ಪೊಲೀಸರಿಗೆ ನೆರವಾಗಲು ಬಂದಿದ್ದರೆ ‘ಅವರ ಹೇಳಿಕೆ ದಾಖಲಿಸಿಕೊಂಡರು’ ಎಂದು ಬರೆಯುವುದೇ ನ್ಯಾಯ. ಒಂದು ಕ್ರಿಯಾಪದದ ಅವಸರದಿಂದ ನಿರಪರಾಧಿಗೆ ಊರಿನಲ್ಲಿ ತಲೆ ಎತ್ತಿ ನಡೆಯಲಾಗದಂತೆ ಆಗಬಾರದು.

‘ತನಿಖೆ’ ಮತ್ತು ‘ವಿಚಾರಣೆ’ ಒಂದೇ ಅಲ್ಲ. ಪುರಾವೆ ಸಂಗ್ರಹಿಸುವ ಇಡೀ ಕೆಲಸ ತನಿಖೆ. ಸ್ಥಳ ಮಹಜರು, ವಸ್ತುಗಳ ಜಪ್ತಿ, ಹೇಳಿಕೆಗಳ ದಾಖಲಾತಿ ಎಲ್ಲವೂ ಅದರೊಳಗೆ ಬರುತ್ತವೆ. ವ್ಯಕ್ತಿಯನ್ನು ಪ್ರಶ್ನಿಸುವುದು ಅದರ ಒಂದು ಭಾಗ ಮಾತ್ರ. ಹೀಗಾಗಿ ‘ಕೊಲೆ ಪ್ರಕರಣದ ತನಿಖೆ’ ಸರಿ, ‘ಶಂಕಿತನ ವಿಚಾರಣೆ’ ಸರಿ, ‘ಶಂಕಿತನ ತನಿಖೆ’ ಎಂಬುದು ಕಿವಿಗೇ ಒಗ್ಗುವುದಿಲ್ಲ. ನ್ಯಾಯಾಲಯದಲ್ಲಿ ಅರ್ಜಿ, ಮೇಲ್ಮನವಿ ಮತ್ತು ಪ್ರಕರಣಗಳ ವಿಚಾರಣೆ ನಡೆಯುತ್ತದೆ, ಮುಂದೂಡಿಕೆಯಾಗುತ್ತದೆ, ಮುಕ್ತಾಯವಾಗುತ್ತದೆ. ಅಲ್ಲಿ ಸಾಕ್ಷಿಯನ್ನು ಕರೆಸಿದ ಪಕ್ಷದ ವಕೀಲರು ಮೊದಲು ಮಾಡುವುದು ಮುಖ್ಯ ವಿಚಾರಣೆ, ಎದುರು ಪಕ್ಷದವರು ಮಾಡುವುದು ಪಾಟೀಸವಾಲು, ಅದರ ಮೇಲೆ ಮತ್ತೆ ಕೇಳುವುದು ಮರುವಿಚಾರಣೆ. ಸರ್ಕಾರಿ ನೌಕರರ ಮೇಲಿನ ದೂರಿಗೆ ‘ಇಲಾಖಾ ವಿಚಾರಣೆ’ ಎನ್ನುತ್ತೇವೆ; ಅದು ಶಿಸ್ತಿನ ಕ್ರಮವೇ ಹೊರತು ಅಪರಾಧದ ಮೊಕದ್ದಮೆಯಲ್ಲ.

ಪೊಲೀಸ್ ವಿಚಾರಣೆಯ ಬಗ್ಗೆ ಬರೆಯುವವರಿಗೆ ಕಾನೂನಿನ ಕೆಲವು ಸಂಗತಿಗಳು ಗೊತ್ತಿರಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಂತೆ ತನಿಖಾಧಿಕಾರಿಯು ಪ್ರಕರಣದ ಸಂಗತಿ ತಿಳಿದವರನ್ನು ಲಿಖಿತ ಆದೇಶದ ಮೂಲಕ ಕರೆಸಬಹುದು. ಆದರೆ ಮಹಿಳೆಯರು, 15 ವರ್ಷಕ್ಕಿಂತ ಕಡಿಮೆ ಅಥವಾ 60 ವರ್ಷಕ್ಕಿಂತ ಹೆಚ್ಚು ವಯಸ್ಸಿನ ಪುರುಷರು, ಅಂಗವಿಕಲರು ಮತ್ತು ತೀವ್ರ ಅನಾರೋಗ್ಯದಲ್ಲಿರುವವರು ತಾವು ವಾಸಿಸುವ ಸ್ಥಳ ಬಿಟ್ಟು ಬೇರೆಡೆ ಹಾಜರಾಗಬೇಕೆಂದು ಒತ್ತಾಯಿಸುವಂತಿಲ್ಲ. 181ನೇ ಕಲಮಿನ ಪ್ರಕಾರ ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಅದನ್ನು ಕೊಟ್ಟವರ ಸಹಿ ಹಾಕಿಸಿಕೊಳ್ಳುವಂತಿಲ್ಲ. ಆರೋಪಿಯು ತನಗೆ ವಿರುದ್ಧವಾಗಿ ತಾನೇ ಸಾಕ್ಷಿ ಹೇಳುವಂತೆ ಬಲವಂತಪಡಿಸಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ.

ಇವನ್ನು ತಿಳಿದ ಮೇಲೆ ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡ’ ಎಂಬ ತಲೆಬರಹ ಎಷ್ಟು ಹಾನಿಕರ ಎಂಬುದು ಅರಿವಾಗುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲವೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಹೇಳುತ್ತದೆ. ಆ ಮಾಹಿತಿಯಿಂದ ಹೊಸ ಸಂಗತಿಯೊಂದು ಪತ್ತೆಯಾದರೆ ಅದಕ್ಕೆ ಸಂಬಂಧಿಸಿದ ಭಾಗಕ್ಕಷ್ಟೇ ವಿನಾಯಿತಿ. ನ್ಯಾಯಾಲಯವೇ ಒಪ್ಪದ ಮಾತನ್ನು ಓದುಗರು ತೀರ್ಪೆಂದು ನಂಬುವಂತೆ ಬರೆಯುವುದು ಸರಿಯಲ್ಲ. ‘ಆರೋಪಿ ಹೀಗೆ ಹೇಳಿದ್ದಾನೆಂದು ಪೊಲೀಸರು ತಿಳಿಸಿದ್ದಾರೆ’ ಎಂದು ಬರೆದರೆ ಮಾತಿನ ಹೊಣೆ ಯಾರದೆಂಬುದು ಸ್ಪಷ್ಟವಾಗುತ್ತದೆ. ‘ವಶಕ್ಕೆ ಪಡೆದು ವಿಚಾರಣೆ’ ಎಂಬ ಮಾತೂ ಹೀಗೆಯೇ: ಬಂಧನವಾಗಿದೆಯೇ, ಇಲ್ಲವೇ ಎಂಬುದನ್ನು ಅದು ಮರೆಮಾಡುತ್ತದೆ. ಬಂಧಿತರನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಾದ್ದರಿಂದ ಈ ವಿವರವನ್ನು ಕೇಳಿ ತಿಳಿದೇ ಬರೆಯಬೇಕು.

‘ಪ್ರಶ್ನಿಸು’ ಎಂಬುದನ್ನು ‘ವಿಚಾರಿಸು’ ಇರುವ ಕಡೆಯಲ್ಲೆಲ್ಲ ಹಾಕುವಂತಿಲ್ಲ. ‘ಆದೇಶವನ್ನು ಪ್ರಶ್ನಿಸಿ ಹೈಕೋರ್ಟ್ ಮೆಟ್ಟಿಲೇರಿದರು’ ಎಂಬಲ್ಲಿ ಅದು ವಿರೋಧವನ್ನು ಸೂಚಿಸುತ್ತದೆ. ಬರವಣಿಗೆಯ ರೂಪದ ವಿಷಯಕ್ಕೆ ಬಂದರೆ, ಕನ್ನಡ ಪ್ರತ್ಯಯ ಸೇರುವಾಗ ‘ವಿಚಾರಣೆಗೆ’, ‘ವಿಚಾರಣೆಯಲ್ಲಿ’ ಎಂದು ಎಕಾರ ಉಳಿಯುತ್ತದೆ; ಸಂಸ್ಕೃತ ಪದದೊಡನೆ ಸಮಾಸವಾದಾಗ ‘ವಿಚಾರಣಾಧಿಕಾರಿ’, ‘ವಿಚಾರಣಾಧೀನ ಕೈದಿ’ ಎಂದು ಆಕಾರ ಬರುತ್ತದೆ. ವಿಚಾರಣಾಧೀನ ಕೈದಿಯೆಂದರೆ ತೀರ್ಪು ಇನ್ನೂ ಬಾರದೆ ಸೆರೆಯಲ್ಲಿರುವ ವ್ಯಕ್ತಿಯಾದ್ದರಿಂದ, ಅಂಥವರ ಹೆಸರಿನ ಹಿಂದೆ ‘ಅಪರಾಧಿ’ ಎಂಬ ಪದವನ್ನು ಸೇರಿಸಕೂಡದು.