ಪಲ್ಪಿಂಗ್ ನೀರಲ್ಲೇ ಪ್ರಾಕ್ಟಿಕಲ್: ನನ್ನ ಅನುಭವ

ಪರಿಸರ ತಂತ್ರಜ್ಞಾನದ ಪೇಪರ್‌ಗೆ ಸ್ಲೈಡ್ ಬಿಟ್ಟು ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕೊಳೆನೀರನ್ನೇ, ಅಂದರೆ ಪಲ್ಪಿಂಗ್ ನೀರನ್ನೇ ಲ್ಯಾಬಿಗೆ ತರಿಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. "ಸಿಲೆಬಸ್ ಮುಗಿಯುತ್ತಾ ಸರ್?" ಅಂತ. ಸಿಲೆಬಸ್ಸೂ ಮುಗಿಯಿತು, ಆ ನೀರಿನಿಂದ ಬಂದ ಗ್ಯಾಸೂ ಉರಿಯಿತು.

ಮೊದಲು ಬದಲಾಯಿಸಿದ್ದು ಟೈಮ್‌ಟೇಬಲ್. ಕೊಡಗಿನಲ್ಲಿ ಅರೇಬಿಕಾ ಕೊಯ್ಲು ಹೆಚ್ಚುಕಮ್ಮಿ ನವೆಂಬರ್‌ನಿಂದ ಜನವರಿವರೆಗೆ. ಕೊಳೆನೀರಿನ ಪಾಠವೂ ಆಗಲೇ ಬರಬೇಕು, ಹಣ್ಣು ಸುಲಿಯುವ ಪಲ್ಪರ್ ಮೆಷಿನ್ ತೊಳೆದಿಟ್ಟ ಮೇಲೆ ತೋರಿಸೋದೇನು? ನಮ್ಮ ಹುಡುಗರಲ್ಲಿ ಅರ್ಧಕ್ಕರ್ಧ ತೋಟದ ಮನೆಯವರು. ಮನೆ ಹಿಂದಿನ ಹೊಂಡದ ನೀರನ್ನು ಬಾಟಲಿಯಲ್ಲಿ ತಂದರು. ಪಿಎಚ್ ಪೇಪರ್ ಅದ್ದಿದರೆ ಕಿತ್ತಳೆ ಬಣ್ಣ, 4ರ ಆಸುಪಾಸು, ಅಂದರೆ ಚೆನ್ನಾಗಿ ಹುಳಿ. ಆಮೇಲೆ ಯಾರೂ ಮೊಬೈಲ್ ಮುಟ್ಟಲಿಲ್ಲ.

ಕಾಟ ಕೊಟ್ಟಿದ್ದು ಬಿಒಡಿ, ಅಂದರೆ ನೀರಿನ ಕೊಳೆ ತಿನ್ನಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ. ಬಾಟಲಿಯನ್ನು 27 ಡಿಗ್ರಿಯಲ್ಲಿ 3 ದಿನ ಇಡಬೇಕು, ಅಂದರೆ ಸೋಮವಾರ ಇಟ್ಟು ಗುರುವಾರ ತೆಗೆಯಬಹುದು, ಪ್ರಾಕ್ಟಿಕಲ್‌ಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಡಿಸೆಂಬರ್ ಚಳಿಯಲ್ಲಿ ಕರೆಂಟ್ ಹೋದರೆ ಇನ್‌ಕ್ಯುಬೇಟರ್ ತಣ್ಣಗಾಗಿ ರೀಡಿಂಗೆಲ್ಲ ತಿಪ್ಪೆಗೆ. ಕೊಳೆಗೆ ಬೇಕಾಗುವ ಆಮ್ಲಜನಕವನ್ನು ರಾಸಾಯನಿಕ ಹಾಕಿ ಅಳೆಯುವ ಸಿಒಡಿಯಾದರೆ 2 ಗಂಟೆ ಕುದಿಸಿದರೆ ಸಾಕು, ಅದಕ್ಕೆ ಬೇಕಾದ ಸಿಲ್ವರ್ ಸಲ್ಫೇಟಿನ ಬೆಲೆ ಮಾತ್ರ ಕೇಳಬೇಡಿ! ಹಾಗಾಗಿ ಅದನ್ನು ಗ್ಯಾಸ್ ಮಾಡುವ ಡ್ರಮ್ಮಿಗೆ ಹೋಗುವ ನೀರಿಗೆ ಮತ್ತು ಹೊರಬರುವ ನೀರಿಗೆ ಮಾತ್ರ ಇಟ್ಟುಕೊಂಡೆ.

ಆ ಗ್ಯಾಸಿಗೆ 200 ಲೀಟರಿನ ನೀಲಿ ಡ್ರಮ್, ಬಂದ ಗ್ಯಾಸ್ ತುಂಬಿಕೊಳ್ಳಲು ಲಾರಿ ಟ್ಯೂಬ್, ಪೈಪು, ವಾಲ್ವು ಎಲ್ಲ ಸೇರಿ 4-5 ಸಾವಿರ ಆಗಿರಬೇಕು. ಕೈಯಿಂದಲೇ ಹಾಕಿದೆ, ಯಾಕೆಂದರೆ ಆಫೀಸಿನಲ್ಲಿ ಸಗಣಿಗೂ ಬಿಲ್ ಕೇಳಿದರು. ಮೊದಲ ಡ್ರಮ್ ಹುಳಿಯಾಗಿ ಸತ್ತೇ ಹೋಯಿತು. ಟ್ಯೂಬ್ ಚಪ್ಪಟೆ, ವಾಸನೆಗೆ ಪಕ್ಕದ ಡಿಪಾರ್ಟ್‌ಮೆಂಟಿನವರು ಕಿಟಕಿ ಮುಚ್ಚಿಕೊಂಡು ಕೂತರು. ಅಷ್ಟು ಹುಳಿಯಲ್ಲಿ ಉರಿಯುವ ಗ್ಯಾಸಾದ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಕೆಲಸ ಮಾಡೋದಿಲ್ಲ ಅಲ್ವಾ. ಮುಂದಿನ ಸಲ ಪಲ್ಪಿಂಗ್ ನೀರು ಹಾಕದೆ ಮೊದಲು ಸಗಣಿ ನೀರು ತುಂಬಿ, ಗ್ಯಾಸ್ ಉರಿಯುವವರೆಗೂ ಕಾದೆವು. ಆಮೇಲೆ ಸುಣ್ಣ ಹಾಕಿ ಹುಳಿ ತೆಗೆದು ಪಿಎಚ್ 7ರ ಹತ್ತಿರ ತಂದ ಪಲ್ಪಿಂಗ್ ನೀರನ್ನು ದಿನಾ ಅರ್ಧ ಬಕೆಟ್ಟಿನಷ್ಟು ಕೊಡುತ್ತಾ ಹೋದೆವು. ಸಗಣಿ ಜೊತೆ ಇನ್ನೊಂದು ಸಾಮಾನು ಸೇರಿಸುತ್ತೇನೆ, ಅದು ಇಲ್ಲಿ ಬೇಡ. ನಮ್ಮ ಹುಡುಗರನ್ನು ಕೇಳಿದರೂ ಬಾಯಿ ಬಿಡಲ್ಲ. ನೀಲಿ ಉರಿ ಬಂದ ದಿನ ನಕ್ಕವರಿಗೆಲ್ಲ ಅದರಲ್ಲೇ ಕಾಫಿ ಕಾಸಿ ಕೊಟ್ಟೆ. ಸಿಒಡಿ ಮುಕ್ಕಾಲು ಪಾಲು ಇಳಿದಿತ್ತು.

ಕಂದು ಬಣ್ಣ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಇದ್ದಿಲು ತುಂಬಿದ ಪೈಪಿನಲ್ಲಿ ಸೋಸಿ ನೋಡಿದೆವು, ಒಂದೇ ವಾರದಲ್ಲಿ ಕಟ್ಟಿಕೊಂಡಿತು. ಹೊಳೆಗೆ ಬಿಡಬೇಕಾದರೆ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು, ನಾವಿನ್ನೂ ಅದರ ಹತ್ತಿರಕ್ಕೂ ಬಂದಿಲ್ಲ. ಸುಮ್ನೆ ಚೆಲ್ಲೋದ್ಯಾಕೆ ಅಂತ ಹಾಸ್ಟೆಲ್ ಹಿಂದಿನ ಬಾಳೆಗೆ ಹಾಕಿಸುತ್ತಿದ್ದೇನೆ, ಒಂದು ಸಾಲಿಗೆ ಈ ನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು. ಸದ್ಯಕ್ಕೆ ಎರಡೂ ಒಂದೇ ಎತ್ತರ, ಗೊನೆ ಹಾಕಲಿ ನೋಡೋಣ.